ಫೋರ್‌ಮನ್ ಕೇಳಿದ ರಾಜೀನಾಮಾ

ನನಗೆ ನಾಲ್ಕು ಭಾಷೆ ಬರುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಕನ್ನಡ ಮನೆಯದು, ಮರಾಠಿ ಧಾರವಾಡದ ಓಣಿಯದು, ಇಂಗ್ಲಿಷು ಎರಡು ವರ್ಷದ ಕಾಲೇಜಿನದು. ಹಿಂದಿ ಮಾತ್ರ ಮುಂಬಯಿಗೆ ಬಂದ ಮೇಲೆ ಲೋಕಲ್ ಗಾಡಿಯಲ್ಲಿ ನಿಂತು ನಿಂತು ಕಿವಿಗೆ ಬಿದ್ದದ್ದು. ಅದನ್ನು ನಾನು ಎಣಿಕೆಗೆ ಹಿಡಿಯಬಾರದಿತ್ತು. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ, ನಾನು ಹಾಡಹಗಲೇ ಹಿಡಿಸಿಕೊಂಡೆ. ಆಗ ನನಗೆ ಇಪ್ಪತ್ತೆರಡು ವರ್ಷ.

ಮುಲುಂಡಿನಲ್ಲಿ ನಾವು ಮೂರು ಜನ ಸೇರಿ ಹಿಡಿದ ಒಂದು ಕೋಣೆ, ವಿಕ್ರೋಳಿಯಲ್ಲಿ ಕೆಲಸ. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ರಜೆ, ಯಾರು ಯಾವ ಪಾಳಿ, ಇದೆಲ್ಲ ನನ್ನ ಪುಸ್ತಕದಲ್ಲಿ ಇರುತ್ತಿತ್ತು. ಆ ಕಾರ್ಖಾನೆಯಲ್ಲಿ ಯಾವ ಕೆಲಸ ಯಾವ ಊರಿನವರದು ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಮಶೀನು ಬಿಚ್ಚಿ ಜೋಡಿಸುವುದು ರತ್ನಾಗಿರಿಯವರು. ಬಣ್ಣ ಹೊಡೆಯುವುದು ಉತ್ತರದ ಭೈಯಾಗಳು. ಅಡುಗೆ ಕೋಣೆ ಉಡುಪಿಯವರ ಕೈಯಲ್ಲಿ, ಗೇಟು ಒಬ್ಬ ಪಠಾಣನ ಕೈಯಲ್ಲಿ, ಟೈಪ್ ಮಶೀನು ಪಾಲಘಾಟಿನ ಒಬ್ಬರ ಕೈಯಲ್ಲಿ. ಎಲ್ಲದರ ಮೇಲೆ ಮ್ಯಾನೇಜರ್ ಸಾಹೇಬರು, ಪಾರಸಿಗಳು, ಹುಟ್ಟಿದ್ದು ಸೂರತ್ತಿನ ಕಡೆ. ಸಂಜೆ ಮುಚ್ಚಳ ಎಣಿಸುವ ಹೊತ್ತಿಗೆ ಆ ಶೆಡ್ಡಿನೊಳಗೆ ಹೋದರೆ ಇಪ್ಪತ್ತೆರಡಕ್ಕೆ ಒಬ್ಬ ಬಾವೀಸ್ ಅನ್ನುವುದು, ಅವನ ಪಕ್ಕದವನು ಅದೇ ಹೊತ್ತಿಗೆ ಬಾಈಸ್ ಅನ್ನುವುದು, ಮೂರನೆಯವನು ಇಬ್ಬರ ನಡುವೆ ಸಿಕ್ಕಿ ತನ್ನ ಎಣಿಕೆ ಮರೆತು ಮತ್ತೆ ಒಂದರಿಂದ ಶುರು ಮಾಡುವುದು. ಆದರೂ ಡಬ್ಬಿಗಳು ಹೊರಗೆ ಹೋಗುತ್ತಿದ್ದವು, ಅದು ಹೇಗೆ ಅಂತ ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ.

ಇಂಥ ಕಡೆ ನಾಲ್ಕು ಭಾಷೆಯವನಿಗೆ ಬೆಲೆ ಬರದೆ ಇರುತ್ತದೆಯೇ? ರಜೆಯ ಅರ್ಜಿ ಬೇಕಾದರೆ ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು. ಗಣಪತಿಗೆ ಊರಿಗೆ ಹೋಗುವ ಕೊಂಕಣಿಗ, ಛಟ್ ಪೂಜೆಗೆ ಹೋಗುವ ಭೈಯಾ, ತಂಗಿಯ ಮದುವೆ, ಅಜ್ಜನ ತಿಥಿ, ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿ, ಕೊನೆಗೆ ತಮ್ಮ ಅತ್ಯಂತ ವಿಧೇಯ ಸೇವಕ ಎಂದು ಬರೆದು ಅವರ ಹೆಬ್ಬೆಟ್ಟೊತ್ತಿಸಿಕೊಳ್ಳುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆಯನ್ನು ನಾನು ನನಗಾಗಿಯೇ ಮಾಡಿದ್ದಾರೆ ಅಂದುಕೊಂಡಿದ್ದೆ. ಆ ಗಾದೆಯನ್ನು ಈಗ ಯಾರಾದರೂ ನನ್ನ ಮುಂದೆ ಹೇಳಿದರೆ ಎದ್ದು ಹೋಗುತ್ತೇನೆ.

ನನ್ನ ಹತ್ತಿರ ಹೆಚ್ಚಾಗಿ ಬರುತ್ತಿದ್ದವರಲ್ಲಿ ಪ್ರೆಸ್ಸಿನ ಮೇಲೆ ಕೆಲಸ ಮಾಡುವ ಉಡುಪಿ ಕಡೆಯ ಒಬ್ಬರು ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಚೆಂಬೂರಿನಲ್ಲಿ ತಮ್ಮ ಊರಿನವರ ಹೋಟೆಲಿನಲ್ಲಿ ಬಹಳ ವರ್ಷ ತಟ್ಟೆ ಹೊತ್ತು, ಆಮೇಲೆ ಈ ಕಾರ್ಖಾನೆಗೆ ಬಂದವರು. ತಗಡಿನಿಂದ ಮುಚ್ಚಳ ಕತ್ತರಿಸುವ ಪ್ರೆಸ್ಸು ಅವರದು. ಅವರ ಕನ್ನಡ ನನಗೆ ಮೊದಮೊದಲು ಹಾಡಿದಂತೆ ಕೇಳುತ್ತಿತ್ತು, ನನ್ನದು ಅವರಿಗೆ ಜಗಳ ಆಡಿದಂತೆ. ಆಗ ಅವರ ಊರು ಮದರಾಸಿಗೆ ಸೇರಿತ್ತು, ನನ್ನ ಊರು ಮುಂಬಯಿ ರಾಜ್ಯಕ್ಕೆ. ಹಾಗಾಗಿ ಕಾರ್ಖಾನೆಯ ಪುಸ್ತಕದಲ್ಲಿ ಅವರು ಮದ್ರಾಸಿ, ನಾನು ಇಲ್ಲಿಯವನೇ. ಒಂದೇ ಭಾಷೆಯ ಇಬ್ಬರಲ್ಲಿ ಒಬ್ಬ ಹೊರಗಿನವನು, ಒಬ್ಬ ಒಳಗಿನವನು. ಇದು ಯಾವ ನ್ಯಾಯ ಎಂದು ನಾವು ಚಹಾ ಕುಡಿಯುತ್ತ ಎಷ್ಟೋ ಸಲ ನಕ್ಕಿದ್ದೇವೆ.

ಅವರ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು ಊರಿನಲ್ಲಿ ಇದ್ದರು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದರು, ಅಷ್ಟೇ. ಆ ವರ್ಷ ಕಾರ್ಖಾನೆಯ ಹಿಂದಿನ ಸಾಲುಕೋಣೆಗಳ ಚಾಳಿನಲ್ಲಿ ಅವರಿಗೆ ಒಂದು ಕೋಣೆ ಸಿಕ್ಕಿತು. ಕೆಲಸದಲ್ಲಿ ಇರುವ ತನಕ ಮಾತ್ರ ಕೋಣೆ, ಕೆಲಸ ಬಿಟ್ಟರೆ ಕೋಣೆಯೂ ಹೋಯಿತು. ಅವರು ತಾವೇ ಸುಣ್ಣ ಹೊಡೆದರು, ಗೋಡೆಗೆ ಹಲಗೆ ಬಡಿದರು, ಒಲೆಗೆ ಇಟ್ಟಿಗೆಯ ಕಟ್ಟೆ ಕಟ್ಟಿದರು. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಕಿಟಕಿಯ ಹತ್ತಿರ ಮಗಳು ಕೂತು ಓದುವ ಜಾಗ ಎಂದರು. ದೀಪಾವಳಿ ಮುಗಿದ ಮೇಲೆ ಅವರ ಭಾವ ಅವರಿಬ್ಬರನ್ನೂ ಕರೆದುಕೊಂಡು ಹೊರಡುವುದೆಂದು ಗೊತ್ತಾಗಿತ್ತು. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ರೈಲು, ಪುಣೆಯಲ್ಲಿ ಗಾಡಿ ಬದಲಿಸಬೇಕು. ಇದನ್ನು ಅವರು ದಿನಕ್ಕೊಮ್ಮೆಯಾದರೂ ನನಗೆ ಹೇಳುತ್ತಿದ್ದರು.

ಹೊರಡಲು ಇನ್ನು ಐದು ದಿನ ಇದ್ದಾಗ ಆ ಜಗಳ ಆಯಿತು.

ನಾನು ಆಗ ಅಲ್ಲಿರಲಿಲ್ಲ. ಅವರ ಪ್ರೆಸ್ಸಿನಲ್ಲಿ ತಗಡು ಸಿಕ್ಕಿಕೊಂಡು, ರಿಪೇರಿಗೆ ರತ್ನಾಗಿರಿಯ ಫಿಟ್ಟರ್ ಬಂದಿದ್ದ. ಇವರು ಕೈ ಒಳಗೆ ಹಾಕಿ ತಗಡು ಎಳೆಯುತ್ತಿದ್ದಾಗ ಅವನು ಪ್ರೆಸ್ಸು ಇಳಿಸುವ ಹಿಡಿಗೆ ಕೈ ಹಾಕಿದ. ಇವರು ಜೀವ ಹೋಗುವವರಂತೆ ಕೂಗಿದರು. ಆಮೇಲೆ ಏನಾಯಿತೋ, ಫಿಟ್ಟರ್ ಬಂದು ಇವರ ಕತ್ತಿನ ಪಟ್ಟಿ ಹಿಡಿದ, ಇವರು ಅವನನ್ನು ತಳ್ಳಿದರು, ಅವನು ಮುಚ್ಚಳದ ರಾಶಿಯ ಮೇಲೆ ಬಿದ್ದ, ಮೊಣಕೈ ಕೊಯ್ದು ರಕ್ತ ಬಂತು. ಇವರು ತನಗೆ ಹುಚ್ಚ ಅಂದರು ಎಂದು ಫಿಟ್ಟರ್ ಹೇಳುತ್ತಾನೆ, ಇವರು ತಾನು ಏನೂ ಅನ್ನಲೇ ಇಲ್ಲ ಅನ್ನುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸುತ್ತ ನಿಂತವರಿಗೆ ತಲೆಬುಡ ತಿಳಿಯಲಿಲ್ಲ.

ಫೋರ್‌ಮನ್ ನನಗೆ ಹೇಳಿ ಕಳಿಸಿದರು. ಅವರು ಸಿಂಧಿ, ದೇಶ ಒಡೆದಾಗ ಕರಾಚಿಯಲ್ಲಿ ಎಲ್ಲವನ್ನೂ ಬಿಟ್ಟು ಬಂದವರು. ಮುಲುಂಡಿನ ನಿರಾಶ್ರಿತರ ಕಾಲನಿಯಲ್ಲಿ ಅವರ ಮನೆ. ಎತ್ತರದ ಆಳು, ಗಟ್ಟಿ ದನಿ, ಮಶೀನಿನ ಸದ್ದಿನ ಮೇಲೂ ಕೇಳುವಂಥದ್ದು. ಅವರಿಗೆ ಓದಲು ಬರುತ್ತಿದ್ದದ್ದು ಬಲದಿಂದ ಎಡಕ್ಕೆ ಬರೆಯುವ ತಮ್ಮ ಅಕ್ಷರ ಮಾತ್ರ. ಅವರ ಹಿಂದಿ ವೇಗವಾಗಿ ಹೋಗುವ ಮೇಲ್ ಗಾಡಿ, ನನಗೆ ಅಲ್ಲೊಂದು ಇಲ್ಲೊಂದು ಸ್ಟೇಷನ್ನಿನ ಹೆಸರು ಮಾತ್ರ ಕಾಣುತ್ತಿತ್ತು. ಪ್ರೆಸ್ಸಿನವರಿಗಂತೂ ಚಾಯ್ ಲಾವ್, ಪಾನಿ ಲಾವ್ ಅಷ್ಟೇ ಬರುವುದು. ಅದಕ್ಕೇ ನನ್ನನ್ನು ಕರೆದದ್ದು.

ನಾನು ಹೋಗಿ ನಿಂತೆ. ಒಂದು ಕಡೆ ಮೊಣಕೈಗೆ ಬಟ್ಟೆ ಕಟ್ಟಿದ ಫಿಟ್ಟರ್, ಇನ್ನೊಂದು ಕಡೆ ಬೆವೆತ ಪ್ರೆಸ್ಸಿನವರು. ಫೋರ್‌ಮನ್ ಇಬ್ಬರಿಗೂ ಸಾಕಷ್ಟು ಬೈದರು. ಆಮೇಲೆ ದನಿ ಇಳಿಸಿ, ಇಬ್ಬರ ಹೆಗಲ ಮೇಲೂ ಕೈ ಹಾಕಿ, ನಗುತ್ತ ಹೇಳಿದರು.

"ದೋನೋ ರಾಜೀನಾಮಾ ಲಿಖ್ ದೋ. ಫಿರ್ ಭಾಯಿ ಭಾಯಿ."

ರಾಜೀನಾಮಾ. ಆ ಒಂದು ಮಾತು ಮಾತ್ರ ನನಗೆ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿತು. ಕನ್ನಡದಲ್ಲೂ ಅದೇ, ಮರಾಠಿಯಲ್ಲೂ ಅದೇ. ಫಿಟ್ಟರನ ಮುಖ ನೋಡಿದೆ, ಸುಣ್ಣದಂತೆ ಬಿಳಿಚಿತ್ತು. ಅಂದರೆ ನಾನು ತಿಳಿದದ್ದು ಸರಿ. ಆದರೆ ಕೆಲಸ ಬಿಡಿ ಎಂದು ಹೇಳುವ ಮನುಷ್ಯ ಹೆಗಲ ಮೇಲೆ ಯಾಕೆ ಕೈ ಹಾಕುತ್ತಾನೆ? ಯಾಕೆ ನಗುತ್ತಾನೆ? ಆ ಭಾಯಿ ಭಾಯಿ ಎಲ್ಲಿಂದ ಬಂತು? ಆಗ ಪೇಪರಿನಲ್ಲೆಲ್ಲ ಅದೇ ಮಾತು ಇರುತ್ತಿತ್ತು, ಯಾವುದೋ ದೇಶದವರಿಗೂ ನಮಗೂ ಭಾಯಿ ಭಾಯಿ ಎಂದು. ದೊಡ್ಡವರು ಕುತ್ತಿಗೆ ಕೊಯ್ಯುವಾಗ ಹೀಗೆ ಸಕ್ಕರೆ ಹಾಕಿ ಮಾತಾಡುತ್ತಾರೇನೋ ಎಂದುಕೊಂಡೆ. ನನಗೆ ಗೊಂದಲ ಆಗಿತ್ತು, ಅದನ್ನು ಇಲ್ಲ ಅನ್ನಲಾರೆ.

ಪ್ರೆಸ್ಸಿನವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ, "ರಾಜೀನಾಮೆ ಬರದು ಕೊಡ್ರಿ ಅಂತಾರ್ರೀ."

ಅವರು ಕೇಳಿದರು, "ಅಷ್ಟೇ ಹೇಳಿದ್ದಾ? ಮತ್ತೆ ಎಂತದೋ ನಗಾಡ್ಕೊಂಡು ಹೇಳಿದ್ರಲ್ಲ?"

"ಅಷ್ಟರೀ. ಉಳಿದದ್ದು ಸುಮ್ನ ಸಮಾಧಾನದ ಮಾತು."

ಇದು ನಾನು ಹೇಳಿದ ಮಾತು. ಫೋರ್‌ಮನ್ ಎದುರಿಗೇ ನಿಂತಿದ್ದರು. ಏನಂದಿರಿ, ಇನ್ನೊಮ್ಮೆ ಹೇಳಿ ಎಂದು ಕೇಳಲು ಒಂದು ನಿಮಿಷ ಸಾಕಾಗಿತ್ತು. ಆದರೆ ಸುತ್ತ ಇಪ್ಪತ್ತು ಜನ ನೋಡುತ್ತಿದ್ದರು, ನಾನು ನಾಲ್ಕು ಭಾಷೆಯ ಗುಮಾಸ್ತ. ನನಗೆ ತಿಳಿಯಲಿಲ್ಲ ಎಂದು ನಾನು ಹೇಳಲಿಲ್ಲ. ಹುಂಬತನ ಅನ್ನಿ, ಸೊಕ್ಕು ಅನ್ನಿ, ಯಾವ ಹೆಸರಿಟ್ಟರೂ ನನಗೆ ಒಪ್ಪಿಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಇಬ್ಬರನ್ನೂ ಟೈಮ್ ಆಫೀಸಿಗೆ ಕರೆದುಕೊಂಡು ಬಂದು ಬುದ್ಧಿ ಹೇಳಿದೆ. ತಾವಾಗಿ ಬಿಟ್ಟರೆ ಹೆಸರು ಚೆನ್ನಾಗಿರುತ್ತದೆ, ಅವರು ಕಿತ್ತು ಹಾಕಿದರೆ ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲ, ರಕ್ತ ಬಂದಿದೆ, ಪೊಲೀಸರ ತನಕ ಹೋದರೆ ಕಷ್ಟ. ಇದು ಯಾವುದನ್ನೂ ಫೋರ್‌ಮನ್ ಹೇಳಿರಲಿಲ್ಲ, ಎಲ್ಲ ನನ್ನದೇ ಒಗ್ಗರಣೆ. ಪ್ರೆಸ್ಸಿನವರು ಕೋಣೆಯ ವಿಷಯ ಒಂದು ಸಲ ಕೇಳಿದರು. ಅದೂ ಹೋಗುತ್ತದೆ ಎಂದೆ. ನಾನು ಒಳ್ಳೆಯ ಇಂಗ್ಲಿಷಿನಲ್ಲಿ, ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿರುವುದಾಗಿ ಎರಡು ಕಾಗದ ಬರೆದೆ. ಫಿಟ್ಟರ್ ಮರಾಠಿಯ ಮೋಡಿ ಅಕ್ಷರದಲ್ಲಿ ಸಹಿ ಹಾಕಿದ, ಇವರು ಕನ್ನಡದಲ್ಲಿ.

ಇನ್ನು ಮುಂದಿನದನ್ನು ನೆನೆದರೆ ನಗಬೇಕೋ ಅಳಬೇಕೋ ನನಗೆ ಈಗಲೂ ಗೊತ್ತಾಗುವುದಿಲ್ಲ. ಕಾಗದ ನೋಡಿ ಫೋರ್‌ಮನ್ನರ ಮುಖ ಅರಳಿತು. ಅದನ್ನು ಓದಲು ಅವರಿಗೆ ಬಾರದು. ಶಾಬಾಸ್ ಎಂದು ನನ್ನ ಬೆನ್ನು ತಟ್ಟಿದರು. ಕ್ಯಾಂಟೀನಿನಿಂದ ಚಹಾ ತರಿಸಿ, ಇಬ್ಬರ ಕೈಗೂ ಕೊಟ್ಟು, ಕುಡಿಯುವ ತನಕ ಬಿಡಲಿಲ್ಲ. ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವಂತೆ ಮಾಡಿದರು. ಇಬ್ಬರೂ ಅಪ್ಪಿಕೊಂಡು ಅತ್ತರು. ಅವರು ಅತ್ತದ್ದು ಕೆಲಸ ಹೋಯಿತೆಂದು. ಫೋರ್‌ಮನ್ ನೋಡಿದ್ದು ಬೇರೆಯೇ ಇರಬೇಕು, ಅವರ ಕಣ್ಣಲ್ಲೂ ನೀರು ಬಂತು. ಕೆಲಸದಿಂದ ತೆಗೆದು ಚಹಾ ಕುಡಿಸಿ ತಾನೂ ಅಳುವ ಮನುಷ್ಯನನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಸಿಂಧಿಗಳ ಪದ್ಧತಿ ಹೀಗೇ ಏನೋ, ಒಂದೊಂದು ದೇಶಕ್ಕೆ ಒಂದೊಂದು ರೀತಿ ಎಂದುಕೊಂಡು ಕಾಗದ ತೆಗೆದುಕೊಂಡು ಮ್ಯಾನೇಜರರ ಕೋಣೆಗೆ ಹೋದೆ.

ಸಾಹೇಬರು ಓದಿ ಕನ್ನಡಕ ತೆಗೆದರು. ಕೆಲಸ ತುಂಬಿರುವಾಗ ಇಬ್ಬರೂ ಒಟ್ಟಿಗೆ ಯಾಕೆ ಎಂದು ಕೇಳಿದರು. ಫೋರ್‌ಮನ್ ಹೇಳಿದ್ದಾರೆ ಎಂದೆ. ಅವರಿಗೆ ನಂಬಿಕೆ ಬರದೆ ಬಾಗಿಲಿಗೆ ಬಂದು ಶೆಡ್ಡಿನ ಕಡೆ ಕೂಗಿ, ಇಬ್ಬರ ರಾಜೀನಾಮಾ ನೀನೇ ತೆಗೆದುಕೊಂಡದ್ದೇ ಎಂದು ಕೇಳಿದರು. ಆ ಕಡೆಯಿಂದ, ಹೌದು ಸಾಬ್, ಬಹಳ ಒಳ್ಳೆಯದಾಯಿತು ಎಂದು ಉತ್ತರ ಬಂತು. ಸಾಹೇಬರ ಗುಜರಾತಿಯಲ್ಲೂ ಆ ಮಾತಿಗೆ ನಮ್ಮ ಅರ್ಥವೇ. ಸ್ವಲ್ಪ ಹೊತ್ತು ಕಾಗದ ನೋಡುತ್ತ ನಿಂತರು. ತಿಳಿಯಲಾರದು ಡೀಕ್ರಾ, ಮಗನೇ, ಈ ಕಾರ್ಖಾನೆ ನನಗೆ ತಿಳಿಯಲಾರದು ಎಂದು ಗೊಣಗುತ್ತ ಎರಡಕ್ಕೂ ಮಂಜೂರು ಎಂದು ಸಹಿ ಮಾಡಿದರು.

ಸಂಜೆ ಪ್ರೆಸ್ಸಿನವರ ಜೊತೆ ನಾನೇ ಪೋಸ್ಟ್ ಆಫೀಸಿಗೆ ಹೋದೆ. ಹೆಂಡತಿಗೆ ತಂತಿ ಕೊಡಬೇಕಿತ್ತು, ಹೊರಡಬೇಡ ಎಂದು. ಕಾಗದ ಹಾಕಿದರೆ ತಲುಪುವ ಹೊತ್ತಿಗೆ ಅವರು ಬಸ್ಸು ಹತ್ತಿರುತ್ತಾರೆ. ತಂತಿಯ ಇಂಗ್ಲಿಷನ್ನೂ ನಾನೇ ಬರೆದೆ. ಊರಿನಲ್ಲಿ ತಂತಿ ಬಂತು ಅಂದರೆ ಸಾವಿನ ಸುದ್ದಿ ಅಂತಲೇ ತಿಳಿಯುತ್ತಾರೆ, ಅವಳು ಓದಿಸುವ ಮೊದಲೇ ಬೊಬ್ಬೆ ಹಾಕುತ್ತಾಳೆ ಎಂದು ಅವರು ಹೇಳಿದರು. ಅವರು ಗಂಟು ಕಟ್ಟಿಕೊಂಡು ಚೆಂಬೂರಿಗೆ ಹೊರಟರು, ನಾನು ಮುಲುಂಡಿನ ಗಾಡಿ ಹತ್ತಿದೆ.

ಮರುದಿನ ಫೋರ್‌ಮನ್ನರಿಗೆ ರಜೆ. ನಾನು ನನ್ನ ಪುಸ್ತಕದಲ್ಲಿ ಇಬ್ಬರ ಹೆಸರಿನ ಮೇಲೆ ಗೆರೆ ಎಳೆದೆ. ಪ್ರೆಸ್ಸಿನವರ ಕೋಣೆಗಾಗಿ ಕಾದಿದ್ದ ನಾಸಿಕದ ಕಡೆಯ ಒಬ್ಬ ಲಾರಿ ಡ್ರೈವರ್ ಮಧ್ಯಾಹ್ನವೇ ಹೆಂಡತಿ, ನಾಲ್ಕು ಮಕ್ಕಳೊಂದಿಗೆ ಬಂದು ಸೇರಿದ.

ಮೂರನೆಯ ದಿನ ಬೆಳಿಗ್ಗೆ ಫೋರ್‌ಮನ್ ನನ್ನ ಕಿಟಕಿಗೆ ಬಂದು, ತನ್ನ ಇಬ್ಬರು ಆಳುಗಳು ಎಲ್ಲಿ ಎಂದು ಕೇಳಿದರು. ರಾಜೀನಾಮಾ ಆಯಿತಲ್ಲ ಎಂದೆ. ಹೌದು ಆಯಿತು, ಮತ್ತೆ ಕೆಲಸಕ್ಕೆ ಯಾಕೆ ಬರಲಿಲ್ಲ ಎಂದರು. ರಾಜೀನಾಮಾ ಆದ ಮೇಲೆ ಹೇಗೆ ಬರುತ್ತಾರೆ ಎಂದೆ. ರಾಜೀನಾಮಾ ಆದ ಮೇಲೆ ಬರದೆ ಇರುವುದು ಹೇಗೆ ಎಂದರು. ಅವರಿಗೆ ನನ್ನ ತಲೆ ಕೆಟ್ಟಿದೆ ಎಂದು ಕಂಡಿತು, ನನಗೆ ಅವರದು. ಪಠಾಣ ಗೇಟು ಬಿಟ್ಟು ಬಂದು ನೋಡುತ್ತ ನಿಂತ. ಹೀಗೇ ಹಗ್ಗ ಜಗ್ಗಾಡಿ ಜಗ್ಗಾಡಿ ಕೊನೆಗೆ ಅವರು ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಇಬ್ಬರು ಜಗಳ ಆಡುತ್ತಾರೆ. ಹಿರಿಯರು ನಡುವೆ ಬರುತ್ತಾರೆ. ಇಬ್ಬರೂ ರಾಜಿ ಆಗುತ್ತಾರೆ. ಇನ್ನು ಜಗಳ ಇಲ್ಲ ಎಂದು ಬರೆದು ಸಹಿ ಹಾಕುತ್ತಾರೆ. ಆ ಕಾಗದಕ್ಕೆ ಕರಾಚಿಯಲ್ಲಿ ಎಲ್ಲರೂ ರಾಜೀನಾಮಾ ಅನ್ನುತ್ತಾರೆ. ಇಲ್ಲಿ ಏನು ಅನ್ನುತ್ತೀರಿ?

ರಾಜಿ ಅನ್ನುವ ಮಾತು ನನಗೆ ಗೊತ್ತಿಲ್ಲದ್ದೇ? ಧಾರವಾಡದಲ್ಲಿ ನಮ್ಮ ಮನೆಯ ಪಕ್ಕದವರು ಹಿತ್ತಲ ಗೋಡೆಗಾಗಿ ಜಗಳ ಆಡಿ ರಾಜಿ ಆದದ್ದನ್ನು ನಾನೇ ನೋಡಿದ್ದೆ. ರಾಜಿ ಅಂದರೆ ಕೂಡಿಕೊಳ್ಳುವುದು. ಅದಕ್ಕೆ ನಾಮೆ ಎಂಬ ಬಾಲ ಅಂಟಿದ ಕೂಡಲೇ ಬಿಟ್ಟು ಹೋಗುವುದು ಹೇಗಾಯಿತು? ಯಾರು ಮಾಡಿದರು ಇದನ್ನು? ಒಂದೇ ಮಾತು ಕರಾಚಿಯಲ್ಲಿ ಇಬ್ಬರನ್ನು ಸೇರಿಸುತ್ತದೆ, ಧಾರವಾಡದಲ್ಲೂ ರತ್ನಾಗಿರಿಯಲ್ಲೂ ಸೂರತ್ತಿನಲ್ಲೂ ಮನೆಗೆ ಕಳಿಸುತ್ತದೆ. ಆ ಗೊಂದಲ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಆ ಬೆಳಿಗ್ಗೆ ಒಂದು ಮಾತ್ರ ಗೊತ್ತಾಯಿತು, ಭಾಯಿ ಭಾಯಿ ಎಂದು ಅವರು ಯಾಕೆ ಅಂದಿದ್ದರು ಎಂದು.

ನಾನು ಬರೆದ ಕಾಗದದಲ್ಲಿ ಏನಿದೆ ಎಂದು ಹೇಳಿದಾಗ ಫೋರ್‌ಮನ್ ಬೈಯಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ತಾನೇ ಊರು ಬಿಟ್ಟು ಬಂದವನು, ತನ್ನ ಬಾಯಿಂದಲೇ ಇನ್ನಿಬ್ಬರನ್ನು ಓಡಿಸಿದೆನಲ್ಲ ಎಂದು ಏನೇನೋ ಹೇಳಿಕೊಂಡರು. ಆಮೇಲೆ ಎದ್ದು ನೇರ ಸಾಹೇಬರ ಹತ್ತಿರ ಹೋದರು. ಸಾಹೇಬರು ಎಲ್ಲ ಕೇಳಿ, ಇಬ್ಬರನ್ನೂ ಕರೆದುಕೊಂಡು ಬಾ, ನಾಳೆಯಿಂದ ಕೆಲಸಕ್ಕೆ ಬರಲಿ ಎಂದರು. ಕೋಣೆಯ ಮಾತು ಕೇಳಿದರೆ ಕೈ ಆಡಿಸಿದರು. ನಾಲ್ಕು ಮಕ್ಕಳ ಸಂಸಾರವನ್ನು ಬೀದಿಗೆ ಹಾಕಲು ಆಗುವುದಿಲ್ಲ, ಇನ್ನೊಂದು ಖಾಲಿಯಾದಾಗ ನೋಡೋಣ, ವರ್ಷ ಆಗಬಹುದು ಎಂದರು.

ಫಿಟ್ಟರ್ ಹತ್ತಿರದಲ್ಲೇ, ಕಾಂಜುರ್‌ಮಾರ್ಗದಲ್ಲಿ ಸಿಕ್ಕಿದ. ಸಂಜೆ ಪಾಳಿ ಮುಗಿದ ಮೇಲೆ ಫೋರ್‌ಮನ್, ಅವನು, ನಾನು ಮೂವರೂ ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೊರಟೆವು. ಗಾಡಿಯಲ್ಲಿ ಫಿಟ್ಟರ್ ನನ್ನನ್ನು ಕೇಳಿದ, ಅವತ್ತು ಆ ಮನುಷ್ಯ ತನಗೆ ವೇಡಾ, ವೇಡಾ ಎಂದು ಎರಡು ಸಲ ಅಂದನಲ್ಲ, ತಾನು ಏನು ಹುಚ್ಚನೇ ಎಂದು. ನಾನು ಹಣೆ ಚಚ್ಚಿಕೊಂಡೆ. ಅವರು ಕೂಗಿದ್ದು ಬೇಡ, ಬೇಡ ಎಂದು. ಕೈ ಮಶೀನಿನೊಳಗೆ ಇದ್ದವನ ಬಾಯಿಗೆ ಬೇರೆ ಯಾವ ಭಾಷೆ ಬರುತ್ತದೆ? ಬೇಡ ಅಂದರೆ ಮರಾಠಿಯ ನಕೋ ಎಂದು ತಿಳಿಸಿ ಹೇಳಿದೆ. ಫಿಟ್ಟರ್ ಚೆಂಬೂರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತ.

ಹೋಟೆಲಿನಲ್ಲಿ ಪ್ರೆಸ್ಸಿನವರು ಸೊಂಟಕ್ಕೆ ಪಂಚೆ ಕಟ್ಟಿ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಮೇಜುಗಳ ನಡುವೆ ಓಡಾಡುತ್ತಿದ್ದರು. ನಾಲ್ಕು ವರ್ಷ ಹಿಂದೆ ಬಿಟ್ಟ ಕೆಲಸ. ನಮ್ಮನ್ನು ಕಂಡು ಒಂದು ಕ್ಷಣ ನಿಂತರು, ಆಮೇಲೆ ಗಿರಾಕಿಗಳಿಗೆ ಕೊಡುವಂತೆ ಮೂರು ಲೋಟ ನೀರು ತಂದಿಟ್ಟರು. ಫಿಟ್ಟರ್ ಎದ್ದು ಅವರ ಎರಡೂ ಕೈ ಹಿಡಿದು ಮಗ್ಗುಲು ತಿರುಗಿಸಿ ನೋಡಿದ, ಬೆರಳುಗಳೆಲ್ಲ ಸರಿಯಾಗಿ ಇವೆಯೇ ಎಂದು ಎಣಿಸುವವನಂತೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಫೋರ್‌ಮನ್ ಮಾತು ಶುರು ಮಾಡಿದರು. ಹೇಳಿ ಮುಗಿಸಿ ನನ್ನ ಕಡೆ ನೋಡಿದರು, ಕನ್ನಡದಲ್ಲಿ ಹೇಳು ಬಾಬೂ ಎಂದು.

ನನ್ನ ತಪ್ಪನ್ನು ನಾನೇ ಭಾಷಾಂತರ ಮಾಡಬೇಕಾಗಿ ಬಂತು. ಫೋರ್‌ಮನ್ನರ ಊರಿನಲ್ಲಿ ಆ ಮಾತಿಗೆ ರಾಜಿ ಎಂದು ಅರ್ಥವಂತೆ, ಕೆಲಸ ಬಿಡಿ ಎಂದು ಅವರು ಹೇಳಲೇ ಇಲ್ಲವಂತೆ, ನಾಳೆಯಿಂದ ಬರಬೇಕಂತೆ ಎಂದೆ. ಅಂತೆ ಅಂತೆ ಎಂದು ಎಲ್ಲವನ್ನೂ ದೂರ ತಳ್ಳುತ್ತ ಹೇಳಿದೆ. ಕೋಣೆ ಹೋದದ್ದನ್ನು ಮಾತ್ರ ನೇರವಾಗಿ ಹೇಳಿದೆ, ಅದನ್ನು ಮುಚ್ಚಿಡಲು ಜಾಗ ಇರಲಿಲ್ಲ.

ಅವರು ಒರೆಸುವ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಅವತ್ತು ನಗಾಡ್ಕೊಂಡು ಹೇಳಿದ್ದು ಇದೇಯಾ?"

"ಹೌದ್ರೀ. ಆಮ್ಯಾಲೆ ಅಣ್ಣ ತಮ್ಮರ ಹಂಗ ಇರ್ರಿ ಅಂದಿದ್ರು."

"ನಿಮಗೆ ಕೇಳಿಸಿತ್ತಾ?"

ಕೇಳಿಸಲಿಲ್ಲ ಎಂದರೆ ಮುಗಿದು ಹೋಗುತ್ತಿತ್ತು. ಆ ಮಶೀನಿನ ಸದ್ದಿನಲ್ಲಿ ಯಾರಿಗೆ ಏನು ಕೇಳಿಸುತ್ತದೆ? ಆದರೆ ಅವರು ನನ್ನ ಮುಖ ನೋಡುತ್ತಿದ್ದ ರೀತಿಗೆ ಬಾಯಿಗೆ ಸುಳ್ಳು ಬರಲಿಲ್ಲ. "ಕೇಳಿಸಿತ್ರೀ. ತಿಳೀಲಿಲ್ಲ."

"ಗೊತ್ತಾಗ್ಲಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ರೆ."

ದನಿ ಏರಿಸದೆ ಹೇಳಿದರು. ಎರಡು ಏಟು ಹಾಕಿದ್ದರೆ ನಾನು ತಿನ್ನುತ್ತಿದ್ದೆ. ಫೋರ್‌ಮನ್ ಏನಾಯಿತು, ಏನಂದ ಎಂದು ನನ್ನ ತೋಳು ಅಲುಗಾಡಿಸಿ ಕೇಳಿದರು. ಹಿಂದಿಯಲ್ಲಿ ಅದನ್ನು ಹೇಳಲು ನನಗೆ ಆಗಲಿಲ್ಲ.

ಏನಾದರೂ ಮಾಡಬೇಕೆಂಬ ಅವಸರದಲ್ಲಿ, ಊರಿಗೆ ಇನ್ನೊಂದು ತಂತಿ ಕೊಡೋಣ, ಈಗಲೇ ಬರೆದುಕೊಡುತ್ತೇನೆ ಎಂದು ಜೇಬಿನಿಂದ ಪೆನ್ನು ತೆಗೆದೆ. ಅವರು ಕೈ ಅಡ್ಡ ಹಿಡಿದರು. ತಂತಿ ಬೇಡ, ಕಾಗದ ಬರೆಯುತ್ತೇನೆ, ಹೇಗೂ ಈ ವರ್ಷ ಅವರು ಬರುವ ಹಾಗಿಲ್ಲ, ತಡವಾದರೂ ಅಡ್ಡಿಯಿಲ್ಲ ಎಂದರು. ಗಲ್ಲಾದವರಿಂದ ಒಂದು ಹಾಳೆ ಕೇಳಿ ತಂದು ನಮ್ಮ ಮೇಜಿನಲ್ಲೇ ಕೂತರು. ಪೆನ್ನು ಮಾತ್ರ ನನ್ನದು ತೆಗೆದುಕೊಂಡರು. ಊರಿನ ಶಾಲೆಯಲ್ಲಿ ಮೂರನೆಯ ಕ್ಲಾಸಿನ ತನಕ ಹೋದವರು, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದರು. ಫೋರ್‌ಮನ್ ಎಡದಿಂದ ಬಲಕ್ಕೆ ಹೋಗುವ ಆ ಕೈಯನ್ನೇ ನೋಡುತ್ತಿದ್ದರು.

ಬರೆದು ಮುಗಿಸಿ ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು. ಹೆಂಡತಿಗೆ ಮಗಳೇ ಓದಿ ಹೇಳುವುದು, ತಪ್ಪಿದ್ದರೆ ಅಪ್ಪನನ್ನು ನೋಡಿ ನಗುತ್ತಾಳೆ, ಒಮ್ಮೆ ನೋಡಿಕೊಡಿ ಎಂದರು. ನನಗೆ ಓದಲು ಮನಸ್ಸಿರಲಿಲ್ಲ. ಆದರೂ ಓದಿದೆ. ತಂತಿ ನೋಡಿ ಹೆದರಿರಬಹುದು, ಹೆದರಬೇಡ, ನಾನು ಆರೋಗ್ಯವಾಗಿ ಇದ್ದೇನೆ, ಕೆಲಸ ಹೋಗಿತ್ತು, ಪುನಃ ಸಿಕ್ಕಿದೆ, ಕೋಣೆ ಮಾತ್ರ ಇಲ್ಲ, ಬರುವ ವರ್ಷ ನೋಡುವ ಎಂದು ಬರೆದಿದ್ದರು. ಮಗುವಿಗೆ ಬೇಸರ ಆಗದ ಹಾಗೆ ಹೇಳು ಎಂದಿತ್ತು. ಅದರ ಕೆಳಗೆ ಇನ್ನು ಮೂರು ಸಾಲು.

ಇಲ್ಲಿ ಧಾರವಾಡ ಕಡೆಯ ಒಬ್ಬರು ಇದ್ದಾರೆ. ಒಳ್ಳೆ ಜನ. ಅವರಿಗೆ ಹಿಂದಿ ಅಷ್ಟು ಬರುವುದಿಲ್ಲವಾದ್ದರಿಂದ ಹೀಗಾಯಿತು, ಅವರ ಮೇಲೆ ನೀನು ಸಿಟು ಮಾಡಬೇಡ.

ಅವರು ನನ್ನನ್ನು ಕಾಪಾಡುತ್ತಿದ್ದರೋ, ಕುಟುಕುತ್ತಿದ್ದರೋ, ಹಾಗೇ ನಂಬಿದ್ದರೋ, ನಾನು ಹಾಳೆಯಿಂದ ತಲೆ ಎತ್ತಿ ಅವರ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಅವರು ತಪ್ಪಿದೆಯೋ ಎಂದು ಮಾತ್ರ ಕೇಳಿದರು. ಸಿಟ್ಟು ಅನ್ನುವಲ್ಲಿ ಒತ್ತಕ್ಷರ ಬಿಟ್ಟು ಹೋಗಿತ್ತು. ಪೆನ್ನು ಕೈಯಲ್ಲೇ ಇತ್ತು. ನಾನು ತಿದ್ದಲಿಲ್ಲ.

"ಎಲ್ಲಾ ಸರಿ ಐತ್ರೀ" ಎಂದು ಹಾಳೆ ಮಡಿಸಿ ಅವರ ಕೈಗೆ ಕೊಟ್ಟೆ.